ಸ್ಟ್ರೀಮಿಂಗ್ ಸಂಸ್ಥೆಗಳೂ ಸಂಗೀತಗಾರರ ಪ್ರತಿಫಲವೂ

೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವು ಗ್ರಾಮಫೋನ್ ತಟ್ಟೆಗೆ ಇಳಿಯಿತು. ಅದುವರೆಗೆ ಕೇಳುವವನು ಹಾಡುವವರ ಎದುರಿಗೆ ಕುಳಿತಿರುತ್ತಿದ್ದನು. ಸಂಭಾವನೆಯು ಕೈಯಿಂದ ಕೈಗೆ ಸಲ್ಲುತ್ತಿತ್ತು. ತಟ್ಟೆ, ಕ್ಯಾಸೆಟ್ಟುಗಳ ಕಾಲದಲ್ಲಿ ಮಾರಾಟವಾದ ಪ್ರತಿಯೊಂದಕ್ಕೂ ಬೆಲೆಯಿದ್ದಿತು. ಈಗ ಆ ಪದ್ಧತಿಯೂ ಹಿಂದೆ ಸರಿದಿದೆ. ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆಯು ೨೦೦೮ರಲ್ಲಿ ತನ್ನ ಸೇವೆಯನ್ನಾರಂಭಿಸಿ ೨೦೧೯ರಲ್ಲಿ ಭಾರತಕ್ಕೆ ಬಂದಿತು. ಇಂತಹ ಸಂಸ್ಥೆಗಳಲ್ಲಿ ಕೇಳುಗನು ಹಾಡನ್ನು ಕೊಳ್ಳುವುದಿಲ್ಲ. ತಿಂಗಳ ಚಂದಾ ತೆತ್ತೋ, ಜಾಹೀರಾತುಗಳನ್ನು ಸಹಿಸಿಯೋ ಇಡಿಯ ಭಂಡಾರವನ್ನು ಕೇಳಲು ಅನುಮತಿ ಪಡೆಯುತ್ತಾನೆ. ಈ ವ್ಯವಸ್ಥೆಯು ಸಂಗೀತಗಾರರಿಗೆ ನ್ಯಾಯವಾದುದೆ ಎಂಬುದೇ ಪ್ರಕೃತ ವಿಚಾರ.

ಹಾಡೊಂದಕ್ಕೆ ಇಂತಿಷ್ಟು ಕಾಸೆಂದು ಸಂಸ್ಥೆಯು ಗೊತ್ತುಮಾಡಿರುವುದೆಂಬ ಭಾವನೆ ಬಳಕೆಯಲ್ಲಿದೆ. ಅದು ಸರಿಯಲ್ಲ. ವರಮಾನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಕ್ಕುದಾರರಿಗೆಂದು ತೆಗೆದಿರಿಸಿ, ಆಯಾ ದೇಶದಲ್ಲಿ ಆ ತಿಂಗಳು ನಡೆದ ಒಟ್ಟು ಶ್ರವಣಗಳಲ್ಲಿ ಯಾರ ಪಾಲು ಎಷ್ಟೋ ಅದಕ್ಕೆ ಅನುಸಾರವಾಗಿ ಹಂಚುವುದೇ ಬಹುಮಟ್ಟಿಗೆ ನಡೆದಿರುವ ಕ್ರಮ. ಹಕ್ಕುದಾರರೆಂದರೆ ಗಾಯಕರೇ ಎಂದಲ್ಲ. ಧ್ವನಿಮುದ್ರಿಕೆಯ ಒಡೆತನವುಳ್ಳ ಕಂಪನಿಗಳೂ ಕೃತಿಯ ಸ್ವಾಮ್ಯವುಳ್ಳವರೂ. ಗಾಯಕನಿಗೆ ದೊರೆಯುವುದು ಅವನ ಕರಾರಿನಲ್ಲಿ ಬರೆದಷ್ಟೇ.

ಇದರ ಪರಿಣಾಮವು ಒಂದು ಲೆಕ್ಕದಿಂದ ಸ್ಪಷ್ಟವಾಗುವುದು. ಇಬ್ಬರು ಚಂದಾದಾರರಿಂದ ಹಂಚಿಕೆಗೆ ತಲಾ ೭೦ ರೂಪಾಯಿ ಬಂದಿತೆಂದು ಇಟ್ಟುಕೊಳ್ಳೋಣ. ಒಬ್ಬನು ಹಿಂದಿ ಚಿತ್ರಗೀತೆಗಳನ್ನು ೯೦ ಸಲ ಕೇಳಿದನು. ಇನ್ನೊಬ್ಬನು ವಚನಗಾಯನವನ್ನು ಮಾತ್ರ ೧೦ ಸಲ ಕೇಳಿದನು. ಕೂಡಿದ ೧೪೦ ರೂಪಾಯಿಗಳಲ್ಲಿ ಚಿತ್ರಗೀತೆಗಳಿಗೆ ೧೨೬, ವಚನಗಾಯನಕ್ಕೆ ೧೪ ಸಲ್ಲುತ್ತವೆ. ಎರಡನೆಯವನು ಒಮ್ಮೆಯೂ ಕೇಳದ ಹಾಡುಗಳಿಗೆ ಅವನ ಹಣದ ೫೬ ರೂಪಾಯಿ ಹೋದಂತಾಯಿತು. ಪ್ರತಿಯೊಬ್ಬನ ಹಣವನ್ನು ಅವನು ಕೇಳಿದವರಿಗೇ ಹಂಚಿದರೆ ಇಬ್ಬರಿಗೂ ೭೦ ಸಲ್ಲುವುದು. ಸೌಂಡ್‌ಕ್ಲೌಡ್ ಸಂಸ್ಥೆಯು ೨೦೨೧ರಲ್ಲಿ ಈ ಎರಡನೆಯ ಕ್ರಮವನ್ನು ಕೈಕೊಂಡಿತು.

ಎಣಿಕೆಯ ರೀತಿಯೂ ವಿಚಾರಾರ್ಹವಾದುದು. ಸ್ಪಾಟಿಫೈ ಸಂಸ್ಥೆಯಲ್ಲಿ ೩೦ ಸೆಕೆಂಡು ಕೇಳಿದರೆ ಒಂದು ಶ್ರವಣವಾಯಿತು. ಮೂರು ನಿಮಿಷದ ಗೀತವೂ ಒಂದೇ, ಮುಕ್ಕಾಲು ಗಂಟೆಯ ಖಯಾಲೂ ಒಂದೇ. ಧಾರವಾಡದ ಸೀಮೆಯಲ್ಲಿ ಬೆಳೆದ ವಿಲಂಬಿತ ಗಾಯನಕ್ಕೆ ಈ ಅಳತೆಯು ಸಹಜವಾಗಿಯೇ ಪ್ರತಿಕೂಲವಾದುದು. ಇದಲ್ಲದೆ, ೨೦೨೪ರಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ೧೦೦೦ ಶ್ರವಣಗಳನ್ನು ಮುಟ್ಟದ ಮುದ್ರಿಕೆಗೆ ಅಲ್ಲಿ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ.

ಪ್ರತಿಪಕ್ಷದವರ ಮಾತನ್ನೂ ಕೇಳಬೇಕು. ಕಳ್ಳನಕಲುಗಳಿಂದ ಏನೂ ಬಾರದಿದ್ದ ಕಾಲಕ್ಕಿಂತ ಇದು ಮೇಲೆಂಬುದು ನಿಜ. ಚಿಕ್ಕ ಊರಿನ ಗಾಯಕನೂ ಪರದೇಶದ ಕನ್ನಡಿಗರನ್ನು ಮುಟ್ಟಬಲ್ಲನೆಂಬುದೂ ನಿಜ. ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರವು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಂಚಿಕೆಯ ಕ್ರಮವನ್ನು ಬದಲಾಯಿಸಿದರೆ ಶಾಸ್ತ್ರೀಯ ಸಂಗೀತದಂತಹ ಪ್ರಕಾರಗಳಿಗೆ ಲಾಭವುಂಟು. ಆದರೆ ಬಹುಮಂದಿ ಕಲಾವಿದರಿಗೆ ಆಗುವ ವ್ಯತ್ಯಾಸ ಅತ್ಯಲ್ಪ. ಆದಕಾರಣ ಹಂಚಿಕೆಯ ಸೂತ್ರವೊಂದನ್ನೇ ದೂಷಿಸುವುದು ಸಾಲದು, ಕರಾರುಗಳನ್ನೂ ಪರೀಕ್ಷಿಸಬೇಕು.

ಇಲ್ಲಿ ನಮ್ಮ ಕಾನೂನಿನ ಪ್ರಸಕ್ತಿ ಬರುತ್ತದೆ. ಕೃತಿಸ್ವಾಮ್ಯದ ಕಾಯಿದೆಯು ೧೯೫೭ರದು. ಹಣ ಕೊಟ್ಟು ಬರೆಯಿಸಿದ ಚಿತ್ರಗೀತೆಗಳಿಗೆ, ವಿರುದ್ಧವಾದ ಕರಾರಿಲ್ಲದಿದ್ದರೆ, ನಿರ್ಮಾಪಕನೇ ಮೊದಲ ಒಡೆಯನೆಂದು ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ತೀರ್ಪಿತ್ತಿತು. ೨೦೧೨ರ ತಿದ್ದುಪಡಿಯು ಕರ್ತೃವಿಗೆ ರಕ್ಷಣೆಯನ್ನೊದಗಿಸಿತು: ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯವನ್ನೂ ಸ್ವರಸಂಯೋಜನೆಯನ್ನೂ ರಚಿಸಿದವರು ರಾಯಲ್ಟಿಯಲ್ಲಿ ತಮಗಿರುವ ಸಮಭಾಗದ ಹಕ್ಕನ್ನು, ವಾರಸುದಾರರಿಗೂ ಕೃತಿಸ್ವಾಮ್ಯ ಸಂಘಕ್ಕೂ ಹೊರತು, ಮತ್ತಾರಿಗೂ ಬಿಟ್ಟುಕೊಡಲು ಬಾರದು.

ಸಾಹಿತ್ಯಾಭ್ಯಾಸಿಗಳಿಗೆ ಇದು ದೂರದ ವಿಷಯವಲ್ಲ. ದ. ರಾ. ಬೇಂದ್ರೆಯವರು ೧೯೮೧ರಲ್ಲಿ ದಿವಂಗತರಾದರು. ಕವಿಯ ಮರಣಾನಂತರ ೬೦ ವರ್ಷ ಸ್ವಾಮ್ಯವಿರುವುದರಿಂದ, ಅವರ ಭಾವಗೀತೆಗಳ ಸಾಹಿತ್ಯಕ್ಕೆ ೨೦೪೧ರ ಕೊನೆಯವರೆಗೂ ಅದು ಉಂಟು. ೧೨ನೆಯ ಶತಮಾನದ ವಚನಗಳ ಮೂಲಪಾಠಕ್ಕೆ ಇಂತಹ ಸ್ವಾಮ್ಯವಿಲ್ಲ. ಅಲ್ಲಿರುವುದು ಸ್ವರಸಂಯೋಜಕ, ಗಾಯಕ, ಮುದ್ರಣಕಾರರ ಹಕ್ಕುಗಳು ಮಾತ್ರ. ಆದರೆ ಕವಿಯ ಹೆಸರೇ ದಾಖಲೆಯಲ್ಲಿ ತಪ್ಪಿದ್ದರೆ ಅಥವಾ ಇಲ್ಲದಿದ್ದರೆ ಅವನ ಪಾಲು ತಲುಪುವ ಬಗೆಯೆಂತು? ಕರ್ತೃನಿರ್ಣಯವು ಪಾಠಸಂಶೋಧಕರ ಕೆಲಸವೇ ಆಗಿರುವುದಷ್ಟೆ.

ಒಟ್ಟಿನ ಮೇಲೆ, ಸಂಸ್ಥೆಗಳು ಹಣವನ್ನೇ ಕೊಡುವುದಿಲ್ಲವೆಂಬ ಆರೋಪವು ನಿಲ್ಲಲಾರದು. ಕೊಡುವ ರೀತಿ ನ್ಯಾಯವಾದುದೆಂಬ ಸಮರ್ಥನೆಯೂ ನಿಲ್ಲಲಾರದು. ಕೇಳುಗನ ಹಣವು ಅವನು ಕೇಳಿದವರಿಗೆ ಸಲ್ಲಬೇಕು, ದೀರ್ಘಗಾನಕ್ಕೆ ತಕ್ಕ ಅಳತೆಯಿರಬೇಕು, ಕರಾರುಗಳು ಕಲಾವಿದನಿಗೆ ತಿಳಿಯುವಂತಿರಬೇಕು. ಈ ಮೂರೂ ಕೂಡಿದಾಗಲೇ ಸಣ್ಣ ಭಾಷೆಗಳ ಮತ್ತು ಶಾಸ್ತ್ರೀಯ ಪರಂಪರೆಗಳ ಸಂಗೀತಗಾರರಿಗೆ ಸಲ್ಲತಕ್ಕುದು ಸಲ್ಲುವುದು.