ಘಾಟ್ಕೋಪರ್‌ನ ಸಿಹಿ ಸಾಂಬಾರು ಮತ್ತು ನನ್ನ ಬಾಕಿ

ದಾವಣಗೆರೆಯಲ್ಲಿ ಬಿ.ಇ. ಮುಗಿಸಿ, 2012ರ ಜುಲೈನಲ್ಲಿ ಎಂ.ಟೆಕ್. ಓದಲು ಮುಂಬೈಗೆ ಹೋದೆ. ಕಾಲೇಜು ಮಾಟುಂಗಾದ ವಿಜೆಟಿಐ. ಉಳಿದುಕೊಳ್ಳಲು ಸಿಕ್ಕಿದ್ದು ಘಾಟ್ಕೋಪರ್ ಪೂರ್ವದ ಪಂತನಗರದಲ್ಲಿ, ಸೋದರಮಾವನ ಗೆಳೆಯರೊಬ್ಬರ ಖೋಲಿ. ಅಲ್ಲಿ ಮೂವರು ಹುಡುಗರು, ಒಂದು ಫ್ಯಾನು. ಅಡುಗೆ ಮಾಡಬಾರದು ಎಂಬುದು ಮನೆ ಮಾಲೀಕರ ಮೊದಲ ಷರತ್ತು. ಗೇಟ್ ಪರೀಕ್ಷೆಯ ಸ್ಟೈಪೆಂಡ್ ತಿಂಗಳಿಗೆ 8000 ರೂಪಾಯಿ. ಅದರಲ್ಲಿ ಬಾಡಿಗೆ, ರೈಲಿನ ಪಾಸು, ಊರಿಗೆ ಕಳಿಸುವ ಸ್ವಲ್ಪ ಹಣ ಕಳೆದರೆ ಉಳಿದದ್ದೆಲ್ಲ ಹೊಟ್ಟೆಗೆ. ಎರಡು ವರ್ಷ ಮೂರು ಹೊತ್ತೂ ಹೊರಗೇ ತಿಂದೆ.

ಹೊರಗೆ ತಿನ್ನುವುದೆಂದರೆ ನಮ್ಮೂರಲ್ಲಿ ಹಬ್ಬ. ಭಾನುವಾರ ಬೆಳಿಗ್ಗೆ ಅಪ್ಪ ಬೆಣ್ಣೆ ದೋಸೆಗೆ ಕರೆದುಕೊಂಡು ಹೋದರೆ ಆ ವಾರದ ದೊಡ್ಡ ಸುದ್ದಿ ಅದೇ. ಘಾಟ್ಕೋಪರ್‌ನಲ್ಲಿ ಅದು ಲೆಕ್ಕಾಚಾರವಾಯಿತು. ಬೆಳಿಗ್ಗೆ ಇಡ್ಲಿಯೋ ವಡಾಪಾವೋ? ರಾತ್ರಿ ರೈಸ್ ಪ್ಲೇಟ್ ತೆಗೆದುಕೊಂಡರೆ ನಾಳೆ ಮಧ್ಯಾಹ್ನ ಏನು ಬಿಡಬೇಕು? ಹೊರನಾಡಿನಲ್ಲಿ ಓದಿದವರಿಗೆಲ್ಲ ಈ ಗಣಿತ ಬಾಯಿಪಾಠ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಉಡುಪಿ ಹೋಟೆಲಿತ್ತು. ಹೆಸರು ಬೇಡ. ಮೊದಲ ದಿನ ಹೋಗಿ ಹಿಂದಿಯಲ್ಲಿ ಇಡ್ಲಿ ಹೇಳಿ, ಸಾಂಬಾರು ಬಾಯಿಗಿಟ್ಟವನೇ "ಏನ್ ಪಾಯಸ ಇದ್ದಂಗೈತಲ್ಲಪ್ಪ" ಎಂದು ನನಗೆ ನಾನೇ ಗೊಣಗಿಕೊಂಡೆ. ಗಲ್ಲಾದಲ್ಲಿ ಕುಳಿತವರಿಗೆ ಕೇಳಿಸಿಬಿಟ್ಟಿತು.

"ಹ್ವಾಯ್, ಕನ್ನಡದವ್ರಾ? ಯಾವ್ ಊರ್ ಮಾರಾಯ್ರೆ?"

"ದಾವಣಗೆರೆರಿ."

"ಓ, ಘಟ್ಟದ ಮೇಲಿನವ್ರ್!"

ಅವರು ಕುಂದಾಪುರ ಕಡೆಯ ಶೆಟ್ರು. ಅವರ ತಂದೆ ಹುಡುಗನಾಗಿ ಬಂದು, ಮೋರಿಯಲ್ಲಿ ಪಾತ್ರೆ ತೊಳೆದು, ಟೇಬಲ್ ಒರೆಸಿ, ವೇಟರ್ ಆಗಿ, ಕೊನೆಗೆ ಪಾಲುದಾರರ ಜೊತೆ ಈ ಜಾಗ ಹಿಡಿದಿದ್ದರಂತೆ. ಮುಂಬೈನ ಅದೆಷ್ಟೋ ಉಡುಪಿ ಹೋಟೆಲುಗಳ ಕಥೆ ಈ ನಾಲ್ಕು ಮೆಟ್ಟಿಲುಗಳದ್ದೇ.

ನಾನು ಮಾತ್ರ ದಿನಾ ಸಾಂಬಾರಿಗೆ ಹೆಸರಿಡುತ್ತಿದ್ದೆ. ಅದರಲ್ಲೂ ಮಾಟುಂಗಾದ ರುಚಿ ಸಿಕ್ಕ ಮೇಲೆ ನನ್ನ ಬಾಯಿ ಇನ್ನೂ ಜೋರಾಯಿತು. ಘಾಟ್ಕೋಪರ್‌ನಿಂದ ಸ್ಲೋ ಲೋಕಲ್ ಹಿಡಿದರೆ ವಿದ್ಯಾವಿಹಾರ್, ಕುರ್ಲಾ, ಸಯಾನ್ ದಾಟಿ ನಾಲ್ಕನೆಯ ಸ್ಟೇಷನ್ ಮಾಟುಂಗಾ. ಇಳಿದ ಕೂಡಲೇ ಎದುರಿನ ಕಟ್ಟಡದ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿರುವ ಜಾಗ. ಬಾಳೆ ಎಲೆ, ಬಿಸಿ ಅನ್ನ, ಸಾರು. ಸ್ಟೈಪೆಂಡ್ ಬಂದ ದಿನ ಮಾತ್ರ ಅಲ್ಲಿಗೆ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ 1940ರಲ್ಲಿ ಶುರುವಾದ ಕೆಫೆ ಮದ್ರಾಸ್. ಭಾನುವಾರ ಅದರ ಮುಂದೆ ಹೆಸರು ಬರೆಸಿ ಕಾಯುವವರಲ್ಲಿ ಮರಾಠಿಗರು, ಗುಜರಾತಿಗಳು, ಪಾರ್ಸಿಗಳು ಎಲ್ಲರೂ ಇರುತ್ತಿದ್ದರು.

ಒಂದು ರಾತ್ರಿ ಶೆಟ್ರಿಗೆ ಹೇಳಿಯೇಬಿಟ್ಟೆ: "ಮಾಟುಂಗಾದವರಿಗೆ ಬರೋ ಸಾಂಬಾರು ನಿಮಗ್ಯಾಕೆ ಬರಲ್ಲ?"

ಅವರು ಸಿಟ್ಟಾಗಲಿಲ್ಲ. "ಅಲ್ಲಿ ಉಂಬವ್ರ್ ಯಾರ್, ಇಲ್ಲಿ ಉಂಬವ್ರ್ ಯಾರ್, ಅದ್ ಕಾಣಿ ಮೊದ್ಲ್" ಎಂದರು.

ಆಮೇಲೆ ಕಂಡೆ. ಮಾಟುಂಗಾದಲ್ಲಿ ಹಿಂದಿನಿಂದ ನೆಲೆಸಿದ್ದವರು ದಕ್ಷಿಣದಿಂದ ಬಂದ ಕಚೇರಿ ನೌಕರರು. ಅವರ ನಾಲಿಗೆಗೆ ತಕ್ಕ ಸಾರು ಅಲ್ಲಿ ಉಳಿಯಿತು. ಘಾಟ್ಕೋಪರ್ ಪೂರ್ವದಲ್ಲಿ ಗುಜರಾತಿಗಳು, ಜೈನರು ಹೆಚ್ಚು. ಸಾಂಬಾರಿಗೆ ಬೆಲ್ಲ ಬಿದ್ದದ್ದು ಅವರಿಗಾಗಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾಂಬಾರಿನ ಪಾತ್ರೆಯೇ ಬೇರೆ. ಜೈನ್ ಮಸಾಲೆ ದೋಸೆಗೆ ಆಲೂಗಡ್ಡೆ ಆಗದು, ನೆಲದೊಳಗೆ ಬೆಳೆದದ್ದು; ಹಾಗಾಗಿ ಬಾಳೆಕಾಯಿ ಪಲ್ಯ. ಪಾವ್‌ಭಾಜಿಯಲ್ಲೂ ಬಾಳೆಕಾಯಿಯೇ. ಭಟ್ಟರು ಇದನ್ನೆಲ್ಲ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಎಲೆಯಲ್ಲಿ ಉಳಿದದ್ದನ್ನು ನೋಡಿ ಕಲಿತದ್ದು.

ಇನ್ನೊಂದು ಮಾತನ್ನೂ ಶೆಟ್ರು ಹೇಳಿದ್ದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಆಗ ಅವರ ತಂದೆ ಶಟರ್ ಅರ್ಧ ಎಳೆದು ಒಳಗೆ ಕುಳಿತಿದ್ದರಂತೆ. ಮರುದಿನ ಬೆಳಿಗ್ಗೆ ಐದಕ್ಕೆ ಮತ್ತೆ ಇಡ್ಲಿ ಬೇಯಿಸಿದರಂತೆ. "ತಿಂಬುಕೆ ಬಂದವ್ರ್ ಅದೇ ಬೀದಿಯವ್ರೇ" ಎಂದು ನಕ್ಕರು. ಅಂದಿನಿಂದ ನಾನು ಸಾಂಬಾರಿನ ಬಗ್ಗೆ ತುಟಿ ಪಿಟಿಕ್ ಎನ್ನಲಿಲ್ಲ.

ಈ ಹೋಟೆಲಿನಲ್ಲಿ ಹತ್ತೊಂಬತ್ತರ ಒಬ್ಬ ಹುಡುಗನಿದ್ದ. ಗಿರಾಕಿಗಳು "ಛೋಟು" ಎಂದು ಕೂಗುತ್ತಿದ್ದರು. ಊರಿನಲ್ಲಿ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಬಂದವನು. ಒಂದು ರಾತ್ರಿ ನನ್ನ ಟೇಬಲ್ ಒರೆಸುತ್ತಾ, ಬ್ಯಾಗಿನಿಂದ ಇಣುಕುತ್ತಿದ್ದ ಪುಸ್ತಕ ನೋಡಿ ಮೆಲ್ಲಗೆ ಕೇಳಿದ: "ಅಣ್ಣ, ನಿಮಗೆ ಲೆಕ್ಕ ಬತ್ತಾ?"

ಅವನು 17 ನಂಬರ್ ಫಾರ್ಮ್ ತುಂಬಿದ್ದ. ಮಹಾರಾಷ್ಟ್ರದಲ್ಲಿ ಶಾಲೆಗೆ ಹೋಗದೆ ಖಾಸಗಿಯಾಗಿ ಎಸ್ಸೆಸ್ಸಿ ಕಟ್ಟುವವರ ಫಾರ್ಮ್ ಅದು. ಮುಂಬೈನಲ್ಲಿ ಹೋಟೆಲ್ ಹುಡುಗರು ಓದುವುದು ಹೊಸದೇನಲ್ಲ. ಹಗಲು ದುಡಿದು ರಾತ್ರಿ ಶಾಲೆಗೆ ಹೋದ ಕರಾವಳಿಯ ಹುಡುಗರ ದೊಡ್ಡ ಪರಂಪರೆಯೇ ಈ ಊರಿಗಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವರಿಗಾಗಿಯೇ ರಾತ್ರಿ ಶಾಲೆ ನಡೆಸಿದವು. ಅಲ್ಲಿ ಓದಿ ವಕೀಲರು, ಬ್ಯಾಂಕ್ ಅಧಿಕಾರಿಗಳು ಆದವರುಂಟು. ಆದರೆ ನಮ್ಮ ಹುಡುಗನಿಗೆ ಸಂಜೆಯ ಹೊತ್ತು ಬಿಡುವೇ ಇರಲಿಲ್ಲ. ಸಂಜೆಯೇ ಹೋಟೆಲಿಗೆ ರಶ್.

ಭಾನುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ಹೇಳಿಕೊಡುತ್ತೇನೆ ಎಂದೆ. 2013ರ ನವೆಂಬರ್. ಮೂಲೆಯ ಟೇಬಲ್ಲೇ ನಮ್ಮ ಶಾಲೆ. ಅವನ ಪುಸ್ತಕ ಮರಾಠಿಯಲ್ಲಿ, ನನ್ನ ಪಾಠ ಕನ್ನಡದಲ್ಲಿ. ವಿಚಿತ್ರವೆಂದರೆ ತೊಂದರೆಯೇ ಆಗಲಿಲ್ಲ. ಸಮೀಕರಣ ಮರಾಠಿಯಲ್ಲೂ ಸಮೀಕರಣವೇ. ತ್ರಿಕೋಣ ತ್ರಿಕೋಣವೇ. ನಮ್ಮ ವೃತ್ತ ಮಾತ್ರ ಅಲ್ಲಿ ವರ್ತುಳ. ಬೀಜಗಣಿತ ಬೇಗ ಹಿಡಿದ. ದಿನಾ ಹತ್ತಾರು ಟೇಬಲಿನ ಬಿಲ್ಲು ತಲೆಯಲ್ಲೇ ಕೂಡುವವನಿಗೆ ಅದೇನು ಮಹಾ? ರೇಖಾಗಣಿತಕ್ಕೆ ಬಂದಾಗ ಸಿಕ್ಕಿಬಿದ್ದ. ವರ್ತುಳದ ಪ್ರಮೇಯಗಳು ತಲೆಗೆ ಹತ್ತಲಿಲ್ಲ. ಕೊನೆಯಲ್ಲಿ ಶೆಟ್ರು ನಮ್ಮಿಬ್ಬರಿಗೂ ಫಿಲ್ಟರ್ ಕಾಫಿ ಕಳಿಸುತ್ತಿದ್ದರು. ಬಿಲ್ಲಿಗೆ ಬರೆಯುತ್ತಿರಲಿಲ್ಲ.

ಜನವರಿಯಲ್ಲಿ ನನ್ನ ಪ್ರಾಜೆಕ್ಟ್ ವರದಿ, ಕೆಲಸದ ಇಂಟರ್‌ವ್ಯೂಗಳು ಒಟ್ಟೊಟ್ಟಿಗೆ ಬಂದವು. ಒಂದು ಭಾನುವಾರ ತಪ್ಪಿತು, ಹೇಳಿ ಕಳಿಸಿದೆ. ಎರಡನೆಯದು ತಪ್ಪಿತು, ಹೇಳಲಿಲ್ಲ. ಮೂರನೆಯ ವಾರ ಬಿಡುವಿತ್ತು, ಆದರೆ ಮುಖ ತೋರಿಸಲು ನಾಚಿಕೆ. ಆಮೇಲೆ ನಾನು ಮಾಡಿದ್ದು ಇದು: ಊಟದ ಜಾಗ ಬದಲಿಸಿದೆ.

ವಲ್ಲಭ್ ಬಾಗ್ ಲೇನಿನ ಖಾವ್ ಗಲ್ಲಿ ಘಾಟ್ಕೋಪರ್‌ನಲ್ಲಿ ಎಲ್ಲರಿಗೂ ಗೊತ್ತು. ಸಂಜೆಯಾದರೆ ಗಾಡಿಗಳ ಸಾಲು. ದಾಬೇಲಿ, ಸೇವ್‌ಪುರಿ, ಪಾವ್‌ಭಾಜಿ. ಜಿನಿ ದೋಸೆ ಎಂಬುದೊಂದಿದೆ. ಕಾವಲಿಯ ಮೇಲಿನ ದೋಸೆಗೇ ಬೆಣ್ಣೆ, ಕೋಸು, ಕ್ಯಾಪ್ಸಿಕಂ, ಸೆಜ್ವಾನ್ ಚಟ್ನಿ ಹಾಕಿ ಅರೆದು, ಸುರುಳಿ ಸುತ್ತಿ, ತುಂಡು ಮಾಡಿ, ಮೇಲೆ ಚೀಸ್ ತುರಿದು ಕೊಡುತ್ತಾರೆ. ದಾವಣಗೆರೆಯವನಿಗೆ ಬೆಣ್ಣೆ ಹೊಸದಲ್ಲ, ಉಳಿದದ್ದೆಲ್ಲ ಹೊಸದು. ಭೇಲ್ ಗಾಡಿಯ ಮುಂದೆ ನಿಂತರೆ ಮಾತ್ರ ಊರು ನೆನಪಾಗುತ್ತಿತ್ತು. ಅವರ ಕುರ್ಮುರಾ ನಮ್ಮ ಮಂಡಕ್ಕಿಯೇ ತಾನೆ! ಫೆಬ್ರುವರಿಯಿಂದ ಜೂನ್‌ವರೆಗೆ ಅಲ್ಲೇ ನಿಂತು ತಿಂದೆ. ಬೇರೆ ರುಚಿ ನೋಡಬೇಕು ಎಂದು ರೂಮಿನವರಿಗೆ ಹೇಳಿದೆ. ಸ್ಟೇಷನ್ನಿಗೆ ಇನ್ನೊಂದು ದಾರಿ ಹಿಡಿದು ಹೋಗುತ್ತಿದ್ದೆ. ಮಾರ್ಚ್‌ನಲ್ಲಿ ಅವನ ಪರೀಕ್ಷೆ ಎಂದು ಗೊತ್ತಿತ್ತು. ಹೋಗಲಿಲ್ಲ.

2014ರ ಜೂನ್ 8ಕ್ಕೆ ಘಾಟ್ಕೋಪರ್–ವರ್ಸೋವಾ ಮೆಟ್ರೊ ಶುರುವಾಯಿತು. ಅದೇ ತಿಂಗಳು ನಾನು ಪುಣೆಯಲ್ಲಿ ಕೆಲಸಕ್ಕೆ ಸೇರಿದೆ.

ಮತ್ತೆ ಹೋದದ್ದು 2019ರಲ್ಲಿ, ಗೆಳೆಯನ ಮದುವೆಗೆ. ಸ್ಟೇಷನ್ನಿನಲ್ಲಿ ಮೆಟ್ರೊ ಕಡೆಯಿಂದ ಬರುವ ಜನ, ಲೋಕಲ್ ಕಡೆಯಿಂದ ಬರುವ ಜನ ಸೇರಿ ಕಾಲಿಡಲು ಜಾಗವಿಲ್ಲ. ಹೋಟೆಲ್ ಹಾಗೇ ಇತ್ತು. ಶೆಟ್ರ ಕೂದಲು ಪೂರ್ತಿ ನೆರೆತಿತ್ತು. ನೋಡಿದ ಕೂಡಲೇ ಗುರುತಿಸಿದರು.

"ಬನಿ ಬನಿ, ಘಟ್ಟದ ಮೇಲಿನವ್ರ್! ಪಾಯಸ ಕೊಡ್ಕಾ, ಸಾಂಬಾರಾ?"

ನಾನು ನಗಲು ನೋಡಿದೆ. ಇಡ್ಲಿ ಬಂತು. ಸಾಂಬಾರು ಅಷ್ಟೇ ಸಿಹಿ. ಪೂರ್ತಿ ಕುಡಿದೆ. ಕೊನೆಗೆ ಹುಡುಗನನ್ನು ಕೇಳಿದೆ. ಆ ಮಾರ್ಚ್‌ನಲ್ಲಿ ಲೆಕ್ಕದಲ್ಲಿ ಫೇಲಾದನಂತೆ. ಅಕ್ಟೋಬರ್‌ನಲ್ಲಿ ಮತ್ತೆ ಕಟ್ಟಿ ಪಾಸಾದನಂತೆ, ಒಬ್ಬನೇ ಓದಿ. ಎರಡು ವರ್ಷ ಗಲ್ಲಾದಲ್ಲಿ ಕುಳಿತು, ಈಗ ಊರಿನಲ್ಲೇ ಸಣ್ಣ ಕ್ಯಾಂಟೀನ್ ಹಾಕಿದ್ದಾನೆ.

"ಪರೀಕ್ಷೆ ಮುಗಿವರಿಗೂ ಭಾನುವಾರ ಮೂರ್ ಗಂಟಿಗೆ ಆ ಟೇಬಲ್ ಖಾಲಿ ಇಡ್ತಿದ್ದ" ಎಂದರು ಶೆಟ್ರು. ಅಷ್ಟೇ ಹೇಳಿದ್ದು. ಬೈಯಲಿಲ್ಲ.

ಬಾಕಿ ಎಷ್ಟಿದೆ ಎಂದು ಕೇಳಿದೆ. ಪುಸ್ತಕ ತೆಗೆಯಲೇ ಇಲ್ಲ. "ನಿಮ್ದ್ ಎಂತದೂ ಇಲ್ಲ" ಎಂದರು. ಹುಡುಗನ ನಂಬರ್ ಮಾತ್ರ ಬರೆದುಕೊಟ್ಟರು.

ಫೋನ್ ಮಾಡಲು ನನಗೆ ಎರಡು ವಾರ ಬೇಕಾಯಿತು. ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಆ ಕಡೆ ದೋಸೆ ಹೆಂಚಿನ ಸದ್ದು, ಯಾರೋ ಚಹಾ ಕೇಳುತ್ತಿದ್ದರು. ನನ್ನ ಹೆಸರು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, "ಅಣ್ಣ, ಊಟ ಆಯ್ತಾ?" ಎಂದ.

ಕ್ಷಮೆ ಕೇಳಿದೆ. "ಅದೆಂತ ಬಿಡಿ ಅಣ್ಣ, ನಿಮ್ಗೂ ಪರೀಕ್ಷೆ ಇತ್ತಲ್ದಾ" ಎಂದ. ಅವನು ಬಿಟ್ಟರೂ ನನ್ನಿಂದ ಬಿಡಲಾಗಿಲ್ಲ.

ಹೊರನಾಡಿನಲ್ಲಿರುವ ನಾವು ಊರಿನ ರುಚಿ ಹುಡುಕಿಕೊಂಡು ಊರೆಲ್ಲ ಸುತ್ತುತ್ತೇವೆ. ಸಾಂಬಾರು ಸಿಹಿಯಾಯಿತು, ಚಟ್ನಿ ನೀರಾಯಿತು ಎಂದು ಮೊಬೈಲಿನಲ್ಲಿ ನಕ್ಷತ್ರ ಕಡಿಮೆ ಕೊಡುತ್ತೇವೆ. ನಾನೀಗ ಪುಣೆಯಲ್ಲಿ ಹೋಗುವ ಹೋಟೆಲಿನಲ್ಲಿ ನೀರಿಡುವ ಹುಡುಗ ಬೈಂದೂರು ಕಡೆಯವನು. ಹೆಸರು ಕೇಳಿ ತಿಳಿದುಕೊಂಡಿದ್ದೇನೆ, ಹೆಸರಿನಿಂದಲೇ ಕರೆಯುತ್ತೇನೆ. ಹತ್ತನೆಯ ಕ್ಲಾಸು ಕಟ್ಟುವ ಆಸೆಯಿದೆ ಎಂದು ಹೋದ ವಾರ ಹೇಳಿದ. ಈ ಸಲ ಬಾಯಿಮಾತು ಕೊಡುವ ಮೊದಲು ಕ್ಯಾಲೆಂಡರ್ ತೆಗೆದು ನೋಡಿದೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬೇರೇನೂ ಇಟ್ಟುಕೊಂಡಿಲ್ಲ.