ಹಾರ್ಡ್ ಡಿಸ್ಕ್ ಎಂಬ ಕಣ

ರಾಶಿ ಯಂತ್ರಗಳು ಬರುವ ಮೊದಲು ಮಲಪ್ರಭಾ ದಂಡೆಯ ಎಂ.ಕೆ. ಹುಬ್ಬಳ್ಳಿಯ ಸುತ್ತಿನ ಊರುಗಳಲ್ಲಿ ಜೋಳದ ರಾಶಿಗೆ ಹಂತಿ ಕಟ್ಟುತ್ತಿದ್ದರು. ಕಣದ ನಡುವೆ ಮೇಟಿ, ಅದರ ಸುತ್ತ ಸಾಲಾಗಿ ಎತ್ತುಗಳು. ಪ್ರತಿ ಎತ್ತಿಗೂ ತನ್ನದೇ ವೃತ್ತ. ಮೇಟಿ ಪಕ್ಕದ ಎತ್ತು ನಿಧಾನವಾಗಿ ಹೆಜ್ಜೆ ಹಾಕಿದರೆ ಸಾಕು. ಹೊರಗಿನ ಎತ್ತು ಅಷ್ಟೇ ಹೊತ್ತಿನಲ್ಲಿ ದೊಡ್ಡ ಸುತ್ತು ಮುಗಿಸಬೇಕು. ಇಷ್ಟು ತಿಳಿದವರಿಗೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅರ್ಧ ಅರ್ಥವಾದಂತೆಯೇ.

ಡಿಸ್ಕಿನೊಳಗೆ ಕಾಂತೀಯ ಲೇಪನವಿರುವ ನುಣುಪಾದ ತಟ್ಟೆಗಳಿವೆ. ಮೇಜಿನ ಕಂಪ್ಯೂಟರುಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ಹಾಕುತ್ತವೆ. ಮಾಹಿತಿ ಕೂತಿರುವುದು ಒಂದರೊಳಗೊಂದು ಇರುವ ವೃತ್ತಗಳಲ್ಲಿ. ಇವೇ ಟ್ರ್ಯಾಕ್‌ಗಳು. ಗ್ರಾಮಫೋನ್ ತಟ್ಟೆಯಲ್ಲಿರುವಂತೆ ಇದು ಒಂದೇ ಸುರುಳಿಯಲ್ಲ. ಪ್ರತಿ ಟ್ರ್ಯಾಕನ್ನು ಸೆಕ್ಟರ್ ಎಂಬ ತುಂಡುಗಳಾಗಿ ವಿಂಗಡಿಸಲಾಗಿದೆ. ಹೊರಗಿನ ವೃತ್ತ ಉದ್ದವಾದ್ದರಿಂದ ಅಲ್ಲಿ ಹೆಚ್ಚು ಸೆಕ್ಟರ್‌ಗಳು ಹಿಡಿಸುತ್ತವೆ. ಒಂದು ಸುತ್ತಿಗೆ ಸಿಗುವ ಮಾಹಿತಿಯೂ ಹೆಚ್ಚು.

1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಡಿಸ್ಕಿನಲ್ಲಿ 50 ತಟ್ಟೆಗಳಿದ್ದವು. ಒಂದು ಮೈಗೆ ಕೇವಲ 100 ಟ್ರ್ಯಾಕ್! ಇಂದು ಒಂದು ಅಂಗುಲದೊಳಗೆ ಲಕ್ಷಗಟ್ಟಲೆ ಟ್ರ್ಯಾಕ್‌ಗಳು ಹಿಡಿಸುತ್ತವೆ.

ಬೇಕಾದ ಮಾಹಿತಿ ಸಿಗುವುದು ಹೇಗೆ? ಮೊದಲು ಒಂದು ತೋಳು ಓದುವ ತಲೆಯನ್ನು ಸರಿಯಾದ ಟ್ರ್ಯಾಕಿಗೆ ಒಯ್ಯುತ್ತದೆ. ಇದಕ್ಕೆ ಸರಾಸರಿ 9 ಮಿಲಿಸೆಕೆಂಡ್. ಆಮೇಲೆ ಬೇಕಾದ ಸೆಕ್ಟರ್ ಸುತ್ತಿಕೊಂಡು ಬರುವವರೆಗೆ ಕಾಯಬೇಕು. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಆದ್ದರಿಂದ ಸರಾಸರಿ ಕಾಯುವಿಕೆ ಅದರ ಅರ್ಧ. ನಮಗೆ ಇದು ಕಣ್ಣೆವೆ ಇಕ್ಕುವಷ್ಟೂ ಅಲ್ಲ. ಆದರೆ ಪ್ರೊಸೆಸರಿಗೆ ಇದು ದೀರ್ಘ ಕಾಲ. ಅಷ್ಟರಲ್ಲಿ ಅದು ಕೋಟ್ಯಂತರ ಲೆಕ್ಕ ಮಾಡಬಲ್ಲದು. ಒಂದೇ ಕಡತ ಹತ್ತಾರು ಕಡೆ ಚದುರಿದ್ದರೆ ಕಂಪ್ಯೂಟರ್ ನಿಧಾನವಾಗುವುದು ಇದಕ್ಕೇ.

ಈ ವಿಳಾಸದ ಪದ್ಧತಿ ರೈತರಿಗೆ ಹೊಸದಲ್ಲ. ಹೊಲಕ್ಕೆ ಊರು, ಸರ್ವೆ ನಂಬರು, ಹಿಸ್ಸಾ ಇದ್ದಂತೆ ಡಿಸ್ಕಿನಲ್ಲಿ ತಟ್ಟೆಯ ಮೈ, ಟ್ರ್ಯಾಕ್, ಸೆಕ್ಟರ್. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದುವರೆಗೆ ಗ್ರಾಮ ಲೆಕ್ಕಾಧಿಕಾರಿಯ ಕೈಬರಹದ ಪುಸ್ತಕದಲ್ಲಿದ್ದ ಹೊಲದ ಹಕ್ಕು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂತು. ಬೆಳೆ ಸಾಲ, ವಾರಸಾ ಎಲ್ಲಕ್ಕೂ ಆಧಾರ ಆ ದಾಖಲೆಯೇ.

ಆದರೆ ಈ ಕಣ ಬಲು ನಾಜೂಕು. ಓದುವ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ಓಡುತ್ತಿರುವ ಡಿಸ್ಕಿಗೆ ಜೋರು ಪೆಟ್ಟು ಬಿದ್ದರೆ ತಲೆ ತಟ್ಟೆಯನ್ನು ಕೆರೆದು, ಅಲ್ಲಿದ್ದ ಮಾಹಿತಿ ಶಾಶ್ವತವಾಗಿ ಹೋಗಬಹುದು. ಅದಕ್ಕೇ ಮಹತ್ವದ ದಾಖಲೆಗಳ ಪ್ರತಿಯನ್ನು ಬೇರೆ ಕಡೆಯೂ ಇಡಬೇಕು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಚಿಪ್‌ಗಳಿವೆ. ಆದರೂ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ತಟ್ಟೆಗಳು ಇನ್ನೂ ತಿರುಗುತ್ತಲೇ ಇವೆ. ಯಾವುದೇ ಇರಲಿ, ಕೆಡುವ ಭಯ ಎರಡಕ್ಕೂ ಇದೆ. ಮಗಳ ಪ್ರಾಜೆಕ್ಟ್ ವರದಿ, ಮಗನ ಅಂಕಪಟ್ಟಿ, ಹೊಲದ ಉತಾರ ಒಂದೇ ಕಡೆ ಇದ್ದರೆ ಇವತ್ತೇ ಇನ್ನೊಂದು ಪ್ರತಿ ಮಾಡಿಡಿ. ಬೀಜದ ಕಾಳನ್ನು ಯಾರೂ ಒಂದೇ ಚೀಲದಲ್ಲಿ ಇಡುವುದಿಲ್ಲವಲ್ಲ!