ಮನೆಗೆ ಯಾವ ಗಣಕಯಂತ್ರ?

ಜೂನ್ ತಿಂಗಳು ಬಂದಿತೆಂದರೆ ಅಕ್ಕಲಕೋಟೆ ಹಾಗೂ ದಕ್ಷಿಣ ಸೊಲ್ಲಾಪುರ ತಾಲೂಕುಗಳ ಪಾಲಕರು ಮಕ್ಕಳೊಡನೆ ಸೊಲ್ಲಾಪುರದ ನವಿ ಪೇಠಕ್ಕೆ ಬರುತ್ತಾರೆ. ವಹಿ, ದಪ್ತರ, ಗಣವೇಷಗಳ ಜೊತೆಗೆ ಈಗ ಖರೀದಿಯ ಯಾದಿಯಲ್ಲಿ ಗಣಕಯಂತ್ರವೂ ಸೇರಿಕೊಂಡಿದೆ. ಹತ್ತನೆಯ ಇಯತ್ತೆ ದಾಟಿದ ಮಕ್ಕಳಿರುವ ಮನೆಗಳಲ್ಲಂತೂ ಅದರದೇ ಚರ್ಚೆ. “ಗುರುಗಳ, ಯಾವ ಕಂಪ್ಯೂಟರ್ ತಗೋಬೇಕ್ರಿ?” ಎಂದು ಪಾಲಕರು ನನ್ನನ್ನು ಕೇಳುವುದುಂಟು. ಅಂಗಡಿಕಾರನು ವೇಗದ ಮಾತು ಹೇಳುತ್ತಾನೆ. ಪುಣೆಯಲ್ಲಿರುವ ಬಂಧುವು ತಾನು ಬಳಸುವುದೇ ಶ್ರೇಷ್ಠವೆನ್ನುತ್ತಾನೆ. ಗಡಿನಾಡಿನ ಕನ್ನಡ ಕುಟುಂಬವು ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ನಮ್ಮ ಮಗು ಈ ಯಂತ್ರದಲ್ಲಿ ಬರೆದ ಕನ್ನಡವನ್ನು ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಓದಬಲ್ಲರೇ?

ಗಣಕಯಂತ್ರಗಳ ಪಕ್ಷಭೇದ ಹೊಸದಲ್ಲ. 1977ರಲ್ಲಿ ಆ್ಯಪಲ್ ಎರಡು, 1981ರಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರ್, 1982ರಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ ಮತ್ತು ಕಮೊಡೋರ್ 64 ಮಾರುಕಟ್ಟೆಗೆ ಬಂದವು. ಕಮೊಡೋರಿನ ಹೆಸರಿನಲ್ಲಿರುವ 64 ಎಂಬುದು ಅದರ ಸ್ಮೃತಿಕೋಶದ ಅಳತೆ, ಅಂದರೆ 64 ಕಿಲೋಬೈಟು. ಒಂದು ಯಂತ್ರಕ್ಕಾಗಿ ಬರೆದ ಕ್ಯಾಸೆಟ್ಟು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಒಮ್ಮೆ ಆರಿಸಿಕೊಂಡ ಮನೆಯವರು ಆ ಆಯ್ಕೆಯೊಳಗೇ ಬಾಳಬೇಕಾಗುತ್ತಿತ್ತು. ಆದುದರಿಂದಲೇ ತಮ್ಮ ಯಂತ್ರದ ಮೇಲಿನ ಅಭಿಮಾನವೂ ಅಷ್ಟು ತೀವ್ರವಾಗಿತ್ತು. ನಮ್ಮ ದೇಶದಲ್ಲಿ 1984ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಯಂತ್ರಗಳನ್ನು ಕೊಟ್ಟಿತು. ಇವುಗಳಲ್ಲಿ ಯಾವುದೇ ಯಂತ್ರದ ಮುಂದೆ ಕುಳಿತರೂ ಕೀಲಿಮಣೆಯ ಭಾಷೆ ಇಂಗ್ಲಿಷೇ ಆಗಿತ್ತು.

ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಸಂಶೋಧನೆಯು ಕಾನಪುರದ ಐಐಟಿಯಲ್ಲಿ ನಡೆಯಿತು. 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಅದನ್ನು ‘ಜಿಸ್ಟ್’ ಎಂಬ ಹೆಸರಿನಿಂದ ಮುಂದುವರಿಸಿತು. 1991ರಲ್ಲಿ ‘ಇಸ್ಕಿ’ ಎಂಬ ರಾಷ್ಟ್ರೀಯ ಮಾನಕವೂ ಬಂದಿತು. ಆದರೆ ಮನೆ ಹಾಗೂ ಮುದ್ರಣಾಲಯಗಳಲ್ಲಿ ಹಬ್ಬಿದುದು ಬೇರೊಂದು ಉಪಾಯ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಅಂಕೆಗಳ ಮೇಲೆಯೇ ಕನ್ನಡ ಅಕ್ಷರಗಳ ಚಿತ್ರವನ್ನು ಹೊದಿಸಿದ ಫಾಂಟುಗಳು ಬಳಕೆಗೆ ಬಂದವು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಹೊಟ್ಟೆಯೊಳಗೆ ಇಂಗ್ಲಿಷ್. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ನಮ್ಮ ಶಾಲೆಯ ಸ್ನೇಹಸಮ್ಮೇಳನದ ಹಳೆಯ ವರದಿಯೊಂದು ಹೀಗೆಯೇ ಓದಲಾಗದ ಸ್ಥಿತಿಯಲ್ಲಿ ಉಳಿದಿದೆ. ಮಕ್ಕಳ ಹೆಸರುಗಳಿರುವ ಆ ಪುಟಗಳು ನಾಶವಾಗಿಲ್ಲ. ಆದರೂ ನಮ್ಮ ಪಾಲಿಗೆ ಇಲ್ಲದಂತಾಗಿವೆ.

ಈ ತೊಡಕಿಗೆ ಪರಿಹಾರ ಯುನಿಕೋಡ್. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಆದ ಅಂಕೆಯನ್ನು ಕೊಡುವ ಈ ಮಾನಕವು 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡವಿತ್ತು; ನಮ್ಮ ಲಿಪಿಗಾಗಿ 128 ಸ್ಥಾನಗಳ ಒಂದು ಓಣಿಯನ್ನೇ ಕಾದಿರಿಸಲಾಗಿದೆ. ಆದರೆ ಯಂತ್ರಗಳು ಅದನ್ನು ಪಾಲಿಸಲು ಕಾಲ ಹಿಡಿಯಿತು. ವಿಂಡೋಸಿನಲ್ಲಿ ಕನ್ನಡ ಬಂದುದು 2001ರ ಎಕ್ಸ್‌ಪಿ ಆವೃತ್ತಿಯೊಡನೆ, ‘ತುಂಗಾ’ ಎಂಬ ಫಾಂಟಿನ ರೂಪದಲ್ಲಿ. ಆ್ಯಪಲ್ ಸಂಸ್ಥೆಯ ಮ್ಯಾಕ್ ತನ್ನದೇ ಕನ್ನಡ ಫಾಂಟುಗಳನ್ನು ಪಡೆದುದು 2011ರಲ್ಲಿ. ಲಿನಕ್ಸಿಗೆ ಸ್ವಯಂಸೇವಕರ ದುಡಿಮೆಯಿಂದ ಕನ್ನಡ ದೊರಕಿತು. ಹೀಗೆ ಇಂದು ಮೂರೂ ಪಂಗಡಗಳಿಗೆ ಕನ್ನಡ ಗೊತ್ತು. ಹಿಂದಿನ ಜಗಳದ ಮೂಲಕಾರಣವೇ ನೀಗಿದ ಮೇಲೆ, ಉಳಿದುದು ಉಪಯೋಗ, ಬೆಲೆ ಹಾಗೂ ದುರಸ್ತಿಯ ಪ್ರಶ್ನೆ.

ವ್ಯಾಪಾರಿಯ ಮನೆಯವರು ವಿಂಡೋಸನ್ನು ಬಯಸುವುದು ಸಹಜ. ಬೆಂಗಳೂರಿನ ಸಂಸ್ಥೆಯೊಂದು ರೂಪಿಸಿದ ‘ಟ್ಯಾಲಿ’ ಎಂಬ ಲೆಕ್ಕಪತ್ರದ ತಂತ್ರಾಂಶವು ವಿಂಡೋಸಿಗಾಗಿಯೇ ಸಿದ್ಧವಾದುದು. ಊರಿನಲ್ಲಿ ದುರಸ್ತಿ ಮಾಡುವವರಿಗೂ ವಿಂಡೋಸಿನ ಪರಿಚಯವೇ ಹೆಚ್ಚು. ಮ್ಯಾಕ್ ಬಾಳಿಕೆಗೂ ಚಿತ್ರ, ಮುದ್ರಣಗಳ ಕೆಲಸಕ್ಕೂ ಹೆಸರಾಗಿದೆ. ಆದರೆ ಅದರ ಬೆಲೆ ಸಾಮಾನ್ಯ ಒಕ್ಕಲಿನ ಕೈಗೆ ಎಟುಕುವುದು ಕಷ್ಟ. ಲಿನಕ್ಸಿಗೆ ಪರವಾನಿಗೆಯ ಶುಲ್ಕವಿಲ್ಲ. ಹಳೆಯ ಯಂತ್ರದಲ್ಲಿಯೂ ಅದು ನಡೆಯುತ್ತದೆ. ಆದರೆ ಮೊದಲ ಸಲ ಅದನ್ನು ಹಾಕಿಕೊಡಲು ಬಲ್ಲವರೊಬ್ಬರ ನೆರವು ಬೇಕು.

ಈ ಕೊನೆಯ ಸಂಗತಿಗೆ ಈಗ ವಿಶೇಷ ಮಹತ್ವ ಬಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ರಕ್ಷಣಾ ಸಾಧನಗಳು ಅನೇಕ ಹಳೆಯ ಯಂತ್ರಗಳಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವ ಪಾಲಕರು ಇದನ್ನು ವಿಚಾರಿಸದೆ ಹಣ ಕೊಡಬಾರದು. ಅಂಥ ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಕಾರಣವೂ ಇಲ್ಲ. ಲಿನಕ್ಸ್ ಹಾಕಿಸಿದರೆ ಮಕ್ಕಳ ಬರವಣಿಗೆ, ಓದು, ಲೆಕ್ಕಗಳಿಗೆ ಅದು ಇನ್ನೂ ಕೆಲವು ವರ್ಷ ಸಾಕು. ನನ್ನ ಸ್ವಂತ ಒಲವು ಲಿನಕ್ಸಿನ ಕಡೆಗೇ ಇದೆ. ಅದಕ್ಕೆ ಕಾರಣ ಈ ಮಿತವ್ಯಯ.

ಗಡಿನಾಡಿನ ಶಾಲೆಗಳಿಗೆ ಇದು ಒಗ್ಗೀತೇ ಎಂದು ಶಂಕಿಸುವವರು ನಮ್ಮಂತೆಯೇ ಗಡಿಯಾಚೆಗಿರುವ ಕಾಸರಗೋಡನ್ನು ನೋಡಬಹುದು. ಕೇರಳ ಸರಕಾರದ ಶಾಲಾ ಗಣಕ ಯೋಜನೆಯು ಲಿನಕ್ಸನ್ನೇ ಆಶ್ರಯಿಸಿದೆ. 2017ರಿಂದ ‘ಕೈಟ್’ ಎಂಬ ಸಂಸ್ಥೆಯು ಅದನ್ನು ನಡೆಸುತ್ತಿದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲಿಯೇ ದೊರೆಯುತ್ತದೆ.

ಯಂತ್ರಕ್ಕಿಂತಲೂ ಕೀಲಿಮಣೆಯ ಆಯ್ಕೆ ನನಗೆ ಹಿರಿದೆನಿಸುತ್ತದೆ. ಇಂಗ್ಲಿಷ್ ಅಕ್ಷರಗಳ ಉಚ್ಚಾರವನ್ನು ಅನುಸರಿಸುವ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಕರ್ನಾಟಕದಲ್ಲಿ ಜನಪ್ರಿಯವಾಗಿದೆ. ಇಂಗ್ಲಿಷ್ ಬಲ್ಲವರಿಗೆ ಅದು ಬೇಗ ಕೈಗೆ ಹತ್ತುತ್ತದೆ. ಆದರೆ ಮನೆಯಲ್ಲಿ ಕನ್ನಡ, ಪೇಠೆಯಲ್ಲಿ ಮರಾಠಿ ಎನ್ನುವ ನಮ್ಮ ಮಕ್ಕಳಿಗೆ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವು ಹೆಚ್ಚು ಲಾಭದಾಯಕ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಭಾರತೀಯ ಲಿಪಿಗಳಿಗೆಲ್ಲ ಸ್ಥಾನ ಒಂದೇ. ‘ನಗರ’ ಎಂಬ ಪದವನ್ನು ಇಂಗ್ಲಿಷಿನ ವಿ, ಐ, ಜೆ ಕೀಲಿಗಳನ್ನು ಒತ್ತಿ ಕನ್ನಡದಲ್ಲಿ ಬರೆಯಬಹುದು. ಭಾಷೆಯನ್ನು ಮರಾಠಿಗೆ ಬದಲಿಸಿ ಅವೇ ಮೂರು ಕೀಲಿಗಳನ್ನು ಒತ್ತಿದರೆ ಅದೇ ಪದ ದೇವನಾಗರಿಯಲ್ಲಿ ಮೂಡುತ್ತದೆ. ಹ್ರಸ್ವ ಎ, ಒ ಮುಂತಾದ ನಮ್ಮ ಕೆಲವು ವಿಶಿಷ್ಟ ಅಕ್ಷರಗಳನ್ನಷ್ಟೇ ಬೇರೆಯಾಗಿ ಕಲಿಯಬೇಕು. ಒಂದೇ ಅಭ್ಯಾಸದಿಂದ ಎರಡು ಭಾಷೆಗಳು ಕೈವಶವಾಗುತ್ತವೆ. ಈ ವಿನ್ಯಾಸವು ವಿಂಡೋಸ್, ಲಿನಕ್ಸ್‌ಗಳೆರಡರಲ್ಲಿಯೂ ದೊರೆಯುವುದರಿಂದ, ನಾಳೆ ಯಂತ್ರ ಬದಲಾದರೂ ಕಲಿತ ವಿದ್ಯೆ ವ್ಯರ್ಥವಾಗದು.

ಆದುದರಿಂದ ಪಾಲಕರಲ್ಲಿ ನನ್ನ ಸಲಹೆ ಇಷ್ಟು. ಅಂಗಡಿಯಲ್ಲಿ ಹಣ ಎಣಿಸುವ ಮುನ್ನ ಮಗುವನ್ನೇ ಯಂತ್ರದ ಮುಂದೆ ಕೂಡಿಸಿರಿ. ‘ಅಕ್ಕಲಕೋಟೆ’, ‘ಸಿದ್ಧರಾಮ’, ‘ಕ್ಷೇತ್ರ’ ಎಂಬ ಮೂರು ಪದಗಳನ್ನು ಬರೆಸಿರಿ. ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕೂಡುವವೋ ನೋಡಿರಿ. ಅದೇ ಬರಹವನ್ನು ಇಂಡಿಯಲ್ಲಿಯೋ ಕಲಬುರ್ಗಿಯಲ್ಲಿಯೋ ಇರುವ ಬೀಗರಿಗೆ ಕಳುಹಿಸಿ, ಅವರಿಗೆ ಸರಿಯಾಗಿ ಕಾಣುವುದೋ ಕೇಳಿರಿ. ಈ ಪರೀಕ್ಷೆಯಲ್ಲಿ ಉತ್ತೀರ್ಣವಾದ ಯಾವ ಯಂತ್ರವಾದರೂ ಸರಿಯೇ. ಆಮೇಲೆ ನಿಮ್ಮ ಕಿಸೆ ಮತ್ತು ಕೆಲಸಗಳು ಉಳಿದುದನ್ನು ನಿರ್ಣಯಿಸಲಿ.

ಸರಕಾರಿ ಕಚೇರಿಯ ಅರ್ಜಿಯೂ ಪೇಠೆಯ ಫಲಕವೂ ಮರಾಠಿಯಲ್ಲಿರುವ ಈ ನಾಡಿನಲ್ಲಿ ಕನ್ನಡ ಉಳಿದಿರುವುದು ಬಹುಪಾಲು ಮನೆಯಲ್ಲಿ. ಅಜ್ಜಿ ಹೇಳುವ ಕಥೆ, ತಾಯಿಯ ಹಾಡು, ಮನೆತನದ ಹೆಸರುಗಳ ಯಾದಿ ಇವನ್ನು ಮಕ್ಕಳು ಯುನಿಕೋಡಿನಲ್ಲಿ ಬರೆದಿಟ್ಟರೆ, ಇಂದಿನ ಯಂತ್ರ ಮೂಲೆ ಸೇರಿದ ಮೇಲೆಯೂ ಮೊಮ್ಮಕ್ಕಳು ಅವನ್ನು ಓದಬಲ್ಲರು.